ಮನೆಯಲ್ಲಿ ಯಾರೂ ಇಲ್ಲದ ಹೊತ್ತು

ಸೈಕಲ್ ಪಂಪ್ ಹೊಡೆಯುವ ಸದ್ದು. ಬೇಸಿಗೆ ರಜೆಯಲ್ಲಿ ಬಿಕೋ ಎನ್ನಬೇಕಾಗಿದ್ದ ನಮ್ಮ ಶಾಲೆಯ ಗ್ರೌಂಡಿನಿಂದ ಅದು ಬೆಳಗ್ಗೆ ಬೆಳಗ್ಗೆಯೇ ಕೇಳಿಬರುತ್ತಿತ್ತು. ಕುಸ್ಸ್, ಕುಸ್ಸ್, ಒಂದಿಷ್ಟು ಮೌನ, ಆಮೇಲೆ ಫಟ್ಟೆಂದು ಸಿಡಿದು ಮಕ್ಕಳೆಲ್ಲ ಕಿರುಚುವುದು. ಕೂಲ್ ಡ್ರಿಂಕ್ಸಿನ ಪ್ಲಾಸ್ಟಿಕ್ ಬಾಟಲಿಗೆ ಅರ್ಧ ನೀರು ತುಂಬಿ, ಗಾಳಿ ಹೊಡೆದು, ತೆಂಗಿನ ಮರದೆತ್ತರಕ್ಕೆ ಹಾರಿಸುತ್ತಿದ್ದರು. ಅದು ರಾಕೆಟ್ ಅಂತೆ.

ತೊಂಬತ್ತರ ದಶಕದ ನಡುವಿನ ಮಾತು. ತುಮಕೂರಿನ ಒಂದು ಕಾನ್ವೆಂಟ್ ಹೈಸ್ಕೂಲಿನಲ್ಲಿ ನಾನು ಸೈನ್ಸ್ ಮಿಸ್. ರಿಟೈರ್‌ಮೆಂಟಿಗೆ ಕೆಲವೇ ವರ್ಷ ಬಾಕಿ. ಆ ಬೇಸಿಗೆ ಬೆಂಗಳೂರಿನಿಂದ ಒಬ್ಬ ಮನುಷ್ಯ ಬಂದು, ಹೈಸ್ಕೂಲ್ ಮಕ್ಕಳಿಗೆ ಮೂರು ವಾರದ ಸಮ್ಮರ್ ಕ್ಯಾಂಪ್ ಮಾಡುತ್ತೇನೆ, ಹಾಲ್ ಕೊಡಿ ಎಂದು ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರನ್ನು ಕೇಳಿದ. ಬೆಳಗ್ಗೆ ಸ್ಪೇಸ್ ಸೈನ್ಸ್, ಮಧ್ಯಾಹ್ನ ಎಂಟರ್‌ಪ್ರೆನರ್‌ಶಿಪ್. ಸ್ಪೇಸ್ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದೆ, ಬಿಟ್ಟೆ ಎಂದ. ಯಾಕೆ ಬಿಟ್ಟಿರಿ ಎಂದರೆ, 'ಬೋರ್ ಆಯ್ತು ಮೇಡಂ' ಎಂದು ನಕ್ಕ. ಸರ್ಕಾರಿ ಕೆಲಸ ಬೋರ್ ಆಯಿತೆಂದು ಬಿಟ್ಟವನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ವಿಸಿಟಿಂಗ್ ಕಾರ್ಡ್ ಇಲ್ಲ. ಊರಿನಲ್ಲಿ ನೆಂಟರಿಲ್ಲ. ಲಾಡ್ಜಿನಲ್ಲಿ ವಾಸ. ತೇಗದ ಗಿಡಕ್ಕೆ ದುಡ್ಡು ಹಾಕಿದರೆ ಲಕ್ಷ ಬರುತ್ತದೆಂದು ಸ್ಕೀಮಿನವರು ಮನೆಮನೆಗೆ ಬಂದು ಕಲರ್ ಫೋಟೋ ತೋರಿಸುತ್ತಿದ್ದ ಕಾಲ ಅದು. ಎಂಟರ್‌ಪ್ರೆನರ್‌ಶಿಪ್ ಎಂದರೆ ಅಂಥದ್ದೇ ಏನೋ ಎಂದುಕೊಂಡೆ.

ಸಿಸ್ಟರ್ ಮಾತ್ರ, 'ಡೋಂಟ್ ಬಿ ಸೋ ಸಸ್ಪಿಷಸ್, ಮಿಸ್. ನೀವೇ ಜೊತೇಲಿ ಇದ್ದು ನೋಡ್ಕೊಳ್ಳಿ' ಎಂದರು.

ಹಾಗೆ ನೋಡಿಕೊಳ್ಳಲು ಒಪ್ಪಿದ ಮೇಲೆ, ನಾನೇ ಹೋಗಿ ಒಬ್ಬಳನ್ನು ಆ ಕ್ಯಾಂಪಿಗೆ ಕರೆತಂದೆ. ಆಗಷ್ಟೇ ಎಸ್ಸೆಸ್ಸೆಲ್ಸಿ ಬರೆದಿದ್ದ ನನ್ನ ಸ್ಟೂಡೆಂಟ್. ಅವಳ ತಂದೆ ಊರಂಚಿನ ಸತ್ಯಮಂಗಲದ ಹತ್ತಿರ ಒಂದು ಶೆಡ್ಡಿನಲ್ಲಿ ತಗಡಿನ ಟ್ರಂಕು, ಬಕೆಟ್ಟು ಮಾಡುತ್ತಿದ್ದರು. ಮಗಳ ಓದು ಹತ್ತನೆಯದಕ್ಕೆ ಸಾಕು ಎನ್ನುವುದು ಅವರ ತೀರ್ಮಾನ.

'ಟ್ರಂಕ್ ಹೊಡೆಯೋರ ಮನೆ ಹುಡ್ಗಿಗೆ ರಾಕೆಟ್ ಯಾಕೆ ಮಿಸ್?' ಎಂದರು.

'ನಾನಿರ್ತೀನಲ್ಲ ಸಾಹೇಬರೇ. ಅಲ್ಲಿ ಹೇಗೆ ಕಲೀತಾಳೆ ನೋಡಿ, ಆಮೇಲೆ ಪಿಯುಸಿ ಮಾತು.'

ಅವರು ಸುತ್ತಿಗೆ ಕೆಳಗಿಟ್ಟರು. 'ನಿಮ್ಮ ಜುಬಾನ್ ಮೇಲೆ ಕಳಿಸ್ತಾ ಇದೀನಿ. ಚೆನ್ನಾಗಿ ಕಲೀತವಳೆ ಅಂತ ನೀವು ಹೇಳಿದ್ರೆ ಸೈನ್ಸ್‌ಗೇ ಸೇರಿಸ್ತೀನಿ. ನಿಮ್ಮ ಮಾತೇ ಆಖ್ರಿ.'

ಎರಡನೆಯ ವಾರ ಆ ಮನುಷ್ಯ ಮಕ್ಕಳನ್ನು ಇಬ್ಬಿಬ್ಬರಾಗಿ ಬೀದಿಗೆ ಕಳಿಸಿದ. ಹತ್ತು ಮನೆಗೆ ಹೋಗಿ, ದಿನಾ ಏನು ತೊಂದರೆ ಎಂದು ಕೇಳಿ, ಬರೆದುಕೊಂಡು ಬರಬೇಕು. ಆ ತೊಂದರೆಗೆ ಉಪಾಯವಾಗುವ ಒಂದು ವಸ್ತು ಮಾಡಬೇಕು. ಆದರೆ ನಮ್ಮ ಊರಿನಲ್ಲಿ ನೋಟ್‌ಬುಕ್ ಹಿಡಿದು ಬಾಗಿಲಿಗೆ ಬಂದವರೆಂದರೆ ರೇಷನ್ ಕಾರ್ಡಿನವರೇ. ಗ್ಯಾಸ್ ಇದೆಯೆಂದು ಗೊತ್ತಾದರೆ ಸೀಮೆಎಣ್ಣೆಗೆ ಕತ್ತರಿ. ನನ್ನ ಪಕ್ಕದ ಮನೆಯಾಕೆ ಹುಡುಗಿಯರನ್ನು ಕಿಟಕಿಯಿಂದ ಕಂಡದ್ದೇ ತಡ, ಸಿಲಿಂಡರನ್ನು ಉರುಳಿಸಿಕೊಂಡು ಹೋಗಿ ಮಂಚದಡಿ ತಳ್ಳಿ ಬಂದರು.

'ಆಂಟಿ, ನಿಮ್ಮನೇಲಿ ದಿನಾ ಏನು ತೊಂದ್ರೆ?' ಎಂದಳು ನನ್ನ ಹುಡುಗಿ.

'ಈಗ ನೀನೇ ಕಣಮ್ಮ ತೊಂದ್ರೆ! ನಮ್ಮನೇಲಿ ಗ್ಯಾಸ್ ಇಲ್ಲ, ಬರ್ಕೋ.'

'ಗ್ಯಾಸ್ ಕೇಳ್ಲಿಲ್ಲ ಆಂಟಿ.'

'ಕೇಳ್ದಿದ್ರೂ ಬರ್ಕೋ!'

ನಾನು ಕಾಂಪೌಂಡಿನ ಈಚೆ ನಿಂತು ನಗುತ್ತಿದ್ದೆ. ಆ ನಗು ಸಂಜೆಯ ತನಕವೂ ಉಳಿಯಲಿಲ್ಲ. ಮಕ್ಕಳು ನೋಟ್‌ಬುಕ್ಕುಗಳನ್ನು ತಿದ್ದಲು ನನಗೆ ಕೊಟ್ಟು ಹೋಗಿದ್ದರು. ಅವಳದ್ದರಲ್ಲಿ ಪ್ರತಿ ಮನೆಯ ಹೆಸರಿನ ಕೆಳಗೂ ಒಂದೇ ಪ್ರಶ್ನೆ: 'ಯಾವ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ?' ಕೆಳಗೆ ಗುಂಡಗಿನ ಅಕ್ಷರದಲ್ಲಿ ಉತ್ತರ. ಹತ್ತರಿಂದ ಒಂದು. ಶನಿವಾರ ಮಧ್ಯಾಹ್ನ. ಅತ್ತೆ ಆಸ್ಪತ್ರೆಗೆ ಹೋದ ದಿನ.

ಮೈ ಗಾಡ್, ಇದಕ್ಕೇ ಬಂದಿದ್ದಾನೆ ಇವನು ಎಂದುಕೊಂಡೆ. ಲಾಡ್ಜ್, ನೆಂಟರಿಲ್ಲದ್ದು, ಬೋರ್ ಆದದ್ದು, ಎಲ್ಲ ಒಂದಕ್ಕೊಂದು ಹೊಂದಿಕೊಂಡು ಕೂತುಬಿಟ್ಟವು. ಅವಳನ್ನು ಕರೆದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ನೆಟ್ಟಗೆ ಶೆಡ್ಡಿಗೆ ಹೋಗಿ, 'ನಾಳೆಯಿಂದ ಕಳಿಸ್ಬೇಡಿ. ಆ ಮನುಷ್ಯ ಸರಿಯಿಲ್ಲ' ಎಂದೆ.

ಅವಳು ಟ್ರಂಕುಗಳ ಹಿಂದೆ ಕೂತು ಏನನ್ನೋ ಬೆಸೆಯುತ್ತಿದ್ದಳು. 'ಮಿಸ್, ಅದು ನಾನೇ...' ಎಂದು ಎದ್ದಳು.

'ನೀನು ಸುಮ್ನಿರು. ನಿಂಗೆ ಗೊತ್ತಾಗಲ್ಲ' ಎಂದೆ.

ಅವಳ ತಂದೆ ನನಗೆ ಥ್ಯಾಂಕ್ಸ್ ಹೇಳಿದರು.

ಕೊನೆಯ ದಿನ ಮಕ್ಕಳನ್ನೆಲ್ಲ ಕುಣಿಗಲ್ಲಿಗೆ ಕರೆದೊಯ್ದರು. ಬಯಲಿನಲ್ಲಿ ರಾಕೆಟ್, ಆಮೇಲೆ ಕೆರೆಯ ಹತ್ತಿರದ ಶಾಲೆಯೊಂದರಲ್ಲಿ ಎಕ್ಸಿಬಿಷನ್. ಸಿಸ್ಟರ್ ನನ್ನ ಅನುಮಾನಕ್ಕೆ ಕಿವಿಗೊಟ್ಟಿರಲಿಲ್ಲ; ಉಳಿದ ಮಕ್ಕಳನ್ನು ಕಾಯಲೆಂದು ನಾನೂ ಹೋದೆ. ಬಸ್ಸಿನಲ್ಲಿ ಆ ಮನುಷ್ಯನ ಹಿಂದಿನ ಸೀಟಿನಲ್ಲೇ ಕೂತಿದ್ದೆ. ಶಾಲೆಯ ಹಾಲಿನ ಒಂದು ಮೇಜಿನ ಮೇಲೆ ಅಚ್ಚುಕಟ್ಟಾಗಿ ಬೆಸೆದ ತಗಡಿನ ತೇಲು ಡಬ್ಬಿ, ಅದರಿಂದ ಹೊರಟ ಉದ್ದನೆಯ ವೈರು, ವೈರಿನ ತುದಿಗೆ ಒಂದು ಕಾಲಿಂಗ್ ಬೆಲ್ ಇತ್ತು. ಪಕ್ಕದಲ್ಲಿ ಅದೇ ಗುಂಡಗಿನ ಅಕ್ಷರ.

'ಅವಳ ಜೊತೆ ಹುಡ್ಗಿ ತಂದ್ಕೊಟ್ಳು. ಅವಳು ಮೊದಲನೇ ವಾರದಿಂದ ಮಾಡ್ತಿದ್ದದ್ದು ಇದೇ ಮೇಡಂ' ಎಂದ ಅವನು. 'ಕಾರ್ಪೊರೇಷನ್... ಅಲ್ಲ, ಮುನಿಸಿಪಾಲಿಟಿ ನೀರು ಯಾವಾಗ ಬರುತ್ತೋ ಗೊತ್ತಿಲ್ವಲ್ಲ. ನಲ್ಲೀಲಿ ನೀರು ಬಂದ್ರೆ ಪಕ್ಕದ್ಮನೇಲಿ ಬೆಲ್ ಹೊಡ್ಯುತ್ತೆ, ಅವ್ರು ಬಂದು ಹಿಡಿದಿಡ್ತಾರೆ. ಸ್ಯಾಟಲೈಟ್ ಮಾಡೋದೂ ಅಷ್ಟೇ, ಅಲ್ಲಿ ಏನಾಗ್ತಿದೆ ಅಂತ ಇಲ್ಲಿಗೆ ಹೇಳೋದು.'

'ಮನೇಲಿ ಯಾರೂ ಇಲ್ಲದ ಹೊತ್ತು ಯಾವ್ದು ಅಂತ ಯಾಕೆ ಕೇಳ್ಸಿದ್ರಿ?'

'ನಾನೆಲ್ಲಿ ಕೇಳ್ಸಿದೆ? ಅದನ್ನ ಕೇಳ್ಬೇಡ, ಜನ ತಪ್ಪು ತಿಳ್ಕೋತಾರೆ ಅಂದೆ. ಯಾವ ಮನೇಲಿ ಯಾವಾಗ ಯಾರೂ ಇಲ್ಲ ಅಂತ ಗೊತ್ತಿಲ್ದೇ ಇದ್ರೆ ಬೆಲ್ಲನ್ನ ಯಾರ ಮನೇಲಿಡೋದು ಸಾರ್ ಅಂದ್ಳು.' ಆಮೇಲೆ ಕೇಳಿದ, 'ಯಾಕೆ ಬರ್ಲಿಲ್ಲ ಅವಳು? ಹುಷಾರಿಲ್ವಾ?'

'ಐ ಡೋಂಟ್ ನೋ' ಎಂದೆ.

ಅವನು ಕೆಲಸ ಬಿಟ್ಟ ಕಾರಣವನ್ನು ನಾನು ಇವತ್ತಿಗೂ ಪೂರ್ತಿ ನಂಬಿಲ್ಲ. ಅದು ಬೇರೆ ಮಾತು.

ಮಾರನೆಯ ದಿನ ಮತ್ತೆ ಶೆಡ್ಡಿಗೆ ಹೋದೆ. ಅವಳ ತಂದೆ ಟೀ ತರಿಸಿದರು. ನಾನು ಹೇಳುವುದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡರು.

'ಕಳಿಸಿ ಅಂದ್ರಿ, ಕಳಿಸ್ದೆ. ಬೇಡ ಅಂದ್ರಿ, ನಿಲ್ಲಿಸ್ದೆ. ಈಗ ಪಿಯುಸಿಗೆ ಕಳಿಸಿ ಅಂತೀರಿ. ಮೂರರಲ್ಲಿ ಯಾವ ಮಾತು ಹಿಡೀಲಿ ಮಿಸ್?'

ಕೋಪವೇ ಇರಲಿಲ್ಲ ಆ ದನಿಯಲ್ಲಿ. ರಿಸಲ್ಟ್ ಬಂತು. ಫಸ್ಟ್ ಕ್ಲಾಸ್. ಇನ್ನೂ ಎರಡು ಸಲ ಹೋದೆ. ಎರಡನೆಯ ಸಲ ಹೋದಾಗ ಗುಬ್ಬಿಯ ಕಡೆ ಅವಳಿಗೆ ಸಂಬಂಧ ನಿಶ್ಚಯವಾಗಿತ್ತು.

ಅವಳನ್ನು ಕೊನೆಯ ಸಲ ಕಂಡದ್ದು ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ, ಹತ್ತು ಹನ್ನೆರಡು ವರ್ಷವಾದ ಮೇಲೆ. ಬುರ್ಖಾದಲ್ಲಿದ್ದಳು. ನನಗೆ ಗುರುತು ಹತ್ತಲಿಲ್ಲ, ಅವಳೇ 'ಮಿಸ್!' ಎಂದು ಕೈ ಹಿಡಿದುಕೊಂಡಳು. ಮಗಳನ್ನು ಯಾವುದೋ ಸಮ್ಮರ್ ಕ್ಯಾಂಪಿಗೆ ಬಿಟ್ಟು ಬರುತ್ತಿದ್ದಳಂತೆ. ಕಂಪ್ಯೂಟರ್, ಸೈನ್ಸ್, ಎಲ್ಲ ಹೇಳಿಕೊಡುತ್ತಾರಂತೆ.

'ಯಾರು ನಡೆಸ್ತಾರೆ? ಗೊತ್ತಿರೋರಾ?' ನನ್ನ ಬಾಯಿಂದ ಬಂದೇಬಿಟ್ಟಿತು.

'ಗೊತ್ತಿಲ್ಲ ಮಿಸ್. ಎರಡು ದಿನ ಹೋಗಿ ಹಿಂದಿನ ಬೆಂಚಲ್ಲಿ ಕೂತ್ಕೊಂಡು ನೋಡ್ದೆ. ಮಗಳನ್ನೂ ಕೇಳ್ದೆ' ಎಂದಳು. 'ಬೇರೆ ಯಾರನ್ನೂ ಕೇಳ್ಲಿಲ್ಲ.'

ಅಷ್ಟರಲ್ಲಿ ತುಮಕೂರಿನ ಬಸ್ಸು ಬಂತು. ನನ್ನ ಬ್ಯಾಗನ್ನು ಅವಳೇ ಹತ್ತಿಸಿ, ಕಂಡಕ್ಟರಿಗೆ 'ನಮ್ಮ ಮಿಸ್ಸು, ಮುಂದೆ ಸೀಟು ಕೊಡಿ' ಎಂದು ಹೇಳಿ ಇಳಿದಳು. ಸಾರಿ ಎನ್ನಬೇಕೆಂದು ಕಿಟಕಿಯ ಗಾಜು ಸರಿಸಿದೆ. ಅವಳು ಆಗಲೇ ರಸ್ತೆ ದಾಟುತ್ತಿದ್ದಳು.