ಮೇಷ್ಟ್ರು ಕೊಡಬೇಕಾದ ಒಂದು ವರ್ಷ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಮೂವತ್ತೊಂದು ವರ್ಷ ರಾಜ್ಯಶಾಸ್ತ್ರವನ್ನು ಬೋಧಿಸಿ, ಅಂತರರಾಷ್ಟ್ರೀಯ ಸಂಬಂಧಗಳೆಂಬ ವಿಷಯವು ರಾಜಧಾನಿಗಳ ಸೊತ್ತಲ್ಲ, ಶೇಂಗಾ ಬೆಳೆಯುವವರ ಮಕ್ಕಳಿಗೂ ಕುರಿ ಕಾಯುವವರ ಮಕ್ಕಳಿಗೂ ಅದರಲ್ಲಿ ಪಾಲಿದೆ ಎಂದು ತಾವೂ ನಂಬಿ ನಮ್ಮನ್ನೂ ನಂಬಿಸಿ, ಈಗ ನಿವೃತ್ತರಾಗುತ್ತಿರುವ ಪ್ರೊ. ಓಂಕಾರಮೂರ್ತಿಯವರನ್ನು ಕುರಿತು ಬರೆಯುವುದು ನನ್ನ ಪಾಲಿನ ಭಾಗ್ಯ. ಇಂಥ ಅಭಿನಂದನ ಸಂಪುಟಗಳಲ್ಲಿ ಗುಣಗಳನ್ನಷ್ಟೇ ಹೇಳುವುದು ವಾಡಿಕೆ. ನಾನು ಅವರ ಒಂದು ತಪ್ಪಿನ ಬಗ್ಗೆ ಬರೆಯಲಿದ್ದೇನೆ. ಸಂಪಾದಕರು ಗಾಬರಿಯಾಗಿ ಅವರನ್ನೇ ವಿಚಾರಿಸಿದರಂತೆ. ಅದನ್ನು ಬಿಟ್ಟು ಬರೆದರೆ ನನ್ನ ಬಗ್ಗೆ ಬರೆದಂತಾಗುವುದಿಲ್ಲ ಎಂದು ಸರ್ ನಕ್ಕರಂತೆ.

ಮೊದಲ ಹನ್ನೊಂದು ವರ್ಷ ಅವರು ಮೊಳಕಾಲ್ಮುರಿನಲ್ಲಿದ್ದರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ಒಂದಿಷ್ಟು ಉರ್ದು ಆಡಿಕೊಂಡು ಬೆಳೆದ ಅಲ್ಲಿನ ಮಕ್ಕಳು ಇಂಗ್ಲಿಷಿನ ಎದುರು ಮಾತ್ರ ತಮಗೆ ಭಾಷೆಯೇ ಬಾರದೆಂದು ತಲೆ ತಗ್ಗಿಸುತ್ತಿದ್ದರು. ಸರ್ ಅವರನ್ನು ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿಸಿ, ಅಶೋಕನ ಶಾಸನದ ಬಳಿ ನಿಲ್ಲಿಸಿ, ಈ ಸೀಮೆಯ ಶಾಸನಗಳನ್ನು ಬರೆದ ಲಿಪಿಕಾರ ಕೊನೆಯಲ್ಲಿ ದೂರದ ವಾಯವ್ಯದ ಖರೋಷ್ಠಿ ಅಕ್ಷರಗಳನ್ನು ಬಳಸಿದ್ದಾನೆಂದು ತಿಳಿಸುತ್ತಿದ್ದರು. ಅಷ್ಟು ದೂರದ ವಿದ್ಯೆ ನಡೆದುಕೊಂಡು ಇಲ್ಲಿಗೆ ಬರಬಹುದಾದರೆ ನೀವು ಬಸ್ಸು ಹತ್ತಿ ಅಲ್ಲಿಗೆ ಹೋಗಲಾರಿರಾ ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಹೇಳಲಾಗದೆ ಎಷ್ಟೋ ಮಂದಿ ಎಂ.ಎ. ಮಾಡಿಬಿಟ್ಟರು.

ನಾನು ಅವರ ಶಿಷ್ಯೆಯಾದದ್ದು ಚಳ್ಳಕೆರೆಯಲ್ಲಿ. ಪರಶುರಾಂಪುರದಾಚೆಯ ನಮ್ಮ ಕುರಿಗಾಹಿಗಳ ಹಟ್ಟಿಯಿಂದ ಪದವಿ ತರಗತಿಗೆ ಬಂದ ಮೊದಲ ಹುಡುಗಿ ನಾನು. ಮೊದಲ ದಿನವೇ ಸರ್ ತಮ್ಮ ಊಟದ ಡಬ್ಬಿಯ ಮುಚ್ಚಳದಲ್ಲಿ ಚೀಟಿಗಳನ್ನು ಹಾಕಿ ಒಬ್ಬೊಬ್ಬರಿಂದ ಒಂದೊಂದು ದೇಶ ಎತ್ತಿಸಿದರು. ಮೂರು ವರ್ಷ ಆ ದೇಶದ ಪರವಾಗಿ ನಾವೇ ಮಾತಾಡಬೇಕು. ಈರೇಶನಿಗೆ ಅಮೆರಿಕ ಬಂದು, ಅವನು ಅಂದಿನಿಂದಲೇ ಎದೆ ಉಬ್ಬಿಸಿ ನಡೆಯತೊಡಗಿದ. ನನಗೆ ಬಂದದ್ದು ದಕ್ಷಿಣ ಅಮೆರಿಕದ ಪುಟ್ಟ ದೇಶ ಉರುಗ್ವೆ. ನಾನು ಅತ್ತುಬಿಟ್ಟೆ. ಆದರೆ ಅಲ್ಲಿ ಜನರಿಗಿಂತ ಕುರಿಗಳ ಸಂಖ್ಯೆ ಹೆಚ್ಚೆಂದು ಓದಿ ಮನೆಯಲ್ಲಿ ಹೇಳಿದಾಗ, ಎಂದೂ ನನ್ನ ಪಾಠದ ಸುದ್ದಿ ಕೇಳದ ಅಪ್ಪ ಕ್ಯಾತಪ್ಪ, ಅಲ್ಲಿನ ಕುರಿಗಳು ಬೇಸಿಗೆಯಲ್ಲಿ ಏನು ಮೇಯುತ್ತವೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅದನ್ನು ತಿಳಿಯದೆ ಉರುಗ್ವೆಯ ವಿದೇಶಾಂಗ ನೀತಿ ತಿಳಿಯುವುದಿಲ್ಲವೆಂದು ಸರ್ ನನ್ನನ್ನು ಗ್ರಂಥಾಲಯಕ್ಕೆ ಅಟ್ಟಿದರು. ಆ ಹುಡುಕಾಟದಲ್ಲೇ ನನಗೆ ಅಲ್ಲಿನ ಭಾಷೆಯಾದ ಸ್ಪ್ಯಾನಿಷ್ ಕಲಿಯುವ ಹುಚ್ಚು ಹಿಡಿಯಿತು.

ಪದವಿಯ ಕೊನೆಗೆ ದೆಹಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ.ಗೆ ಪ್ರವೇಶ ಪರೀಕ್ಷೆ ಬರೆದು ಪಾಸಾದೆ. ಸೀಟು ಖಾಯಂ ಆಗಲು ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಿಗದಿತ ದಿನದೊಳಗೆ ಕಳಿಸಬೇಕಿತ್ತು. ಹಟ್ಟಿಯಲ್ಲಿ ಅಂಚೆ ಕಚೇರಿ ಇಲ್ಲವೆಂದು ಸರ್ ಆ ಕೆಲಸ ತಾವೇ ವಹಿಸಿಕೊಂಡರು. ವಹಿಸಿಕೊಂಡು, ಲಕೋಟೆಯನ್ನು ಜೋಪಾನವಾಗಿರಲೆಂದು ಒಂದು ದಪ್ಪ ಪುಸ್ತಕದೊಳಗಿಟ್ಟು, ಮೌಲ್ಯಮಾಪನಕ್ಕೆಂದು ದಾವಣಗೆರೆಗೆ ಹೋದವರು ಮರೆತೇಬಿಟ್ಟರು. ದಿನ ಕಳೆಯಿತು. ಸೀಟು ಇನ್ಯಾರದೋ ಆಯಿತು.

ಹಟ್ಟಿಯಲ್ಲಿ ಸುದ್ದಿ ಬೇರೆಯೇ ಆಯಿತು. ಪಾಸಾಗಿದ್ದೇನೆಂದು ನಾನು ಹೇಳಿದರೂ ನಂಬದೆ, ಹುಡುಗಿ ಫೇಲಂತೆ, ಇಷ್ಟಕ್ಕೇ ಇಷ್ಟು ಮೆರೆದಳೇ ಎಂದರು. ಅಪ್ಪನೂ ತಲೆ ಬಗ್ಗಿಸಿ, ಓದಿದ್ದು ಸಾಕು ಎಂದುಬಿಟ್ಟರು. ಸರ್ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರ ಫೋನನ್ನು ಎತ್ತಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವರು ಹಟ್ಟಿಗೇ ಬಂದರು. ಮನೆಯೊಳಗೆ ಕೂತು ಅಪ್ಪನ ಕಿವಿಯಲ್ಲಿ ಹೇಳಿ ಹೋಗಬಹುದಿತ್ತು. ಹಾಗೆ ಮಾಡದೆ, ಹಟ್ಟಿಯ ಹಿರಿಯ ಸೂರಪ್ಪಜ್ಜನನ್ನು ಕರೆಸಿ, ಅಂಗಳದ ಬೇವಿನ ಮರದಡಿ ಎಲ್ಲರೂ ಸೇರಿದ ಮೇಲೆ ನಿಂತುಕೊಂಡೇ ಹೇಳಿದರು: “ಹುಡುಗಿ ಪಾಸಾಗಿದ್ದಾಳೆ. ಸೀಟು ಕಳೆದವನು ನಾನು. ಅವಳದೇನೂ ತಪ್ಪಿಲ್ಲ.”

ಯುದ್ಧಗಳ, ಒಪ್ಪಂದಗಳ ಪಾಠವನ್ನು ಮೂರು ವರ್ಷ ಕೇಳಿದ್ದೆ. ಯಾವ ದೇಶವೂ ಯಾರೂ ಒತ್ತಾಯಿಸದೆ ತಾನಾಗಿ ತಪ್ಪಾಯಿತೆಂದು ಒಪ್ಪಿಕೊಂಡದ್ದನ್ನು ನಾನು ಓದಿರಲಿಲ್ಲ. ಆ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಕಣ್ಣಾರೆ ಕಂಡೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು, ಅಳು ಬಂತು.

ತಪ್ಪೊಪ್ಪಿಕೊಂಡವನಿಗೆ ದಂಡ ಹಾಕದೆ ಕಳಿಸಿದರೆ ಅವನನ್ನು ಹೊರಗಿನವನೆಂದು ತಳ್ಳಿದಂತೆ ಎಂಬುದು ನಮ್ಮ ಹಟ್ಟಿಯ ರೂಢಿ. ದಂಡ ಹೇಳುವ ಹಕ್ಕು ನಷ್ಟವಾದವರದು. ಸೂರಪ್ಪಜ್ಜ ಅಪ್ಪನ ಮುಖ ನೋಡಿದ. ಅಪ್ಪ ಹೇಳಿದರು: “ಮೇಷ್ಟ್ರೇ, ನಿಮ್ಮಿಂದ ನನ್ ಮಗಳಿಗೆ ಒಂದ್ ವರ್ಸ ಹೋತು. ದುಡ್ ಇಸ್ಕಂಡು ನಾನೇನ್ ಮಾಡ್ಲಿ? ಆ ವರ್ಸನೇ ವಾಪಸ್ ಕೊಡ್ರಿ.”

ಸರ್ ಕೈಮುಗಿದು ಒಪ್ಪಿದರು. ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ತರಗತಿ ಮುಗಿಸಿ ಪರಶುರಾಂಪುರದಲ್ಲಿ ಬಸ್ಸಿಳಿದು, ಅಲ್ಲಿಂದ ಸಿಕ್ಕ ಟ್ರ್ಯಾಕ್ಟರ್ ಹತ್ತಿ ಬರುತ್ತಿದ್ದರು. ರಾಜ್ಯಶಾಸ್ತ್ರಕ್ಕೆ ಅವರು ಗುರು. ಸ್ಪ್ಯಾನಿಷ್ ಅವರಿಗೂ ಬಾರದಾದ್ದರಿಂದ ಪುಸ್ತಕವೊಂದನ್ನು ತರಿಸಿ, ಐವತ್ತೆರಡನೆಯ ವಯಸ್ಸಿನಲ್ಲಿ ನನ್ನ ಪಕ್ಕದಲ್ಲೇ ವಿದ್ಯಾರ್ಥಿಯಾಗಿ ಕೂತರು. ನಿಜ ಹೇಳಬೇಕೆಂದರೆ, ಸರ್ ದಡ್ಡ ವಿದ್ಯಾರ್ಥಿ. ಆ ಭಾಷೆಯ ನಾಲಿಗೆ ಕಂಪಿಸುವ ರಕಾರ ಅವರಿಗೆ ಒಲಿಯಲೇ ಇಲ್ಲ. ಕೊನೆಗೆ ದೊಡ್ಡಿಯಲ್ಲಿದ್ದ ನಮ್ಮವ್ವ ಸೂರಮ್ಮ, ಕುರಿಗಳನ್ನು ಕೂಗುವ ಸದ್ದನ್ನು ತೆಗೆದು ತೋರಿಸಿ, “ಹಿಂಗೆ ಮೇಷ್ಟ್ರೇ, ನಾಲ್ಗೆ ಸಡ್ಲ ಬಿಡ್ರಿ” ಎಂದಳು. ಸರ್ ಪ್ರಯತ್ನಿಸಿದರು. ಕುರಿಗಳೇನೋ ತಿರುಗಿ ನೋಡಿದವು.

ಮರುವರ್ಷ ಪರೀಕ್ಷೆ ಬರೆದು ಮತ್ತೆ ಪಾಸಾದೆ. ಈ ಸಲ ಕಾಗದಗಳನ್ನು ಕಳಿಸಿ, ಕಳಿಸಿದ ರಸೀದಿಯನ್ನು ಅಪ್ಪನ ಕೈಗೆ ಕೊಟ್ಟ ಮೇಲೆಯೇ ಅವರು ನಮ್ಮಲ್ಲಿ ಊಟಕ್ಕೆ ಕೂತರು. ಎಂ.ಎ. ಮುಗಿಸಿ, ಸ್ಪ್ಯಾನಿಷ್ ಡಿಪ್ಲೊಮಾ ಪಡೆದು, ಇಂದು ಅದೇ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಅಮೆರಿಕದ ದೇಶಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ.

ನಾನು ದೆಹಲಿಗೆ ಹೊರಟ ವಾರವೇ ಸರ್ ಅಪ್ಪನನ್ನು ಕೇಳಿದ್ದರಂತೆ, ನನ್ನ ದಂಡ ತೀರಿತೇ ಎಂದು. ಅಪ್ಪ, ನೋಡೋಣ ಅಂದರಂತೆ. ಮುಂದಿನ ಶನಿವಾರವೂ ಸರ್ ಬಂದರು. ಅಷ್ಟರಲ್ಲಿ ಪಕ್ಕದ ಮನೆಯ ಬೊಮ್ಮಕ್ಕನ ಮಗಳು ಶಿಲ್ಪ ಪುಸ್ತಕ ಹಿಡಿದು ಕೂತಿದ್ದಳು. ಆಮೇಲೆ ಇನ್ನೂ ಮೂವರು. ದಂಡ ಹಾಕಿ ಎಂಟು ವರ್ಷವಾಯಿತು, ಸರ್ ಬರುತ್ತಲೇ ಇದ್ದಾರೆ, ವರ್ಷಕ್ಕೊಮ್ಮೆ ಅದೇ ಪ್ರಶ್ನೆ ಕೇಳುತ್ತಲೇ ಇದ್ದಾರೆ, ಅಪ್ಪನೂ ಅದೇ ಉತ್ತರ ಕೊಡುತ್ತಲೇ ಇದ್ದಾರೆ.

ಈ ಯುಗಾದಿಗೆ ಊರಿಗೆ ಹೋದಾಗ ಅಪ್ಪನನ್ನು ಗದರಿದೆ. ಸರ್ ನಿವೃತ್ತರಾಗುತ್ತಿದ್ದಾರೆ, ದಂಡ ತೀರಿತೆಂದು ಈಗಲಾದರೂ ನಾಲ್ಕು ಜನರ ಮುಂದೆ ಹೇಳಬಾರದೇ ಎಂದೆ. ಅಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, “ತೀರ್ತು ಅಂದ್ರೆ ಬರೋದು ಬಿಡ್ತಾರವ್ವ. ನಾನ್ ಇರೋಗಂಟ ಅನ್ನಲ್ಲ” ಎಂದರು.

ಆದ್ದರಿಂದ ಸರ್, ಕಾಲೇಜು ನಿಮ್ಮನ್ನು ಬಿಟ್ಟುಕೊಟ್ಟಿರಬಹುದು, ನಾವು ಬಿಟ್ಟುಕೊಟ್ಟಿಲ್ಲ. ನಿಮಗೂ ನನ್ನ ಅಪ್ಪನಿಗೂ ನೂರು ತುಂಬಲಿ. ಅಲ್ಲಿಯವರೆಗೆ ಆ ಒಂದು ವರ್ಷ ಮುಗಿಯದಿರಲಿ.