ಒಂದೇ ಮಾತಿನ ಪಾತ್ರ

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಅಮ್ಮ ಹೇಳುತ್ತಾಳೆ. ಅಮ್ಮನಿಗೇನು, ಅವಳು ನನ್ನ ಗೆಳತಿಯ ಸಿನಿಮಾದಲ್ಲಿ ನಟಿಸಿದವಳಲ್ಲ. ನಾನು ನಟಿಸಿದ್ದೇನೆ. ಶಿರಸಿ ಪೇಟೆಯ ಗೆಳತಿಯ ಮನೆಯಲ್ಲಿ, ಏಪ್ರಿಲ್ ತಿಂಗಳ ಮಧ್ಯಾಹ್ನ, ದಪ್ಪ ರಗ್ಗು ಹೊದ್ದು, ಮುಖಕ್ಕೆಲ್ಲ ಪೌಡರ್ ಬಳಿದುಕೊಂಡು ರೋಗಿಯಾಗಿ ಮಲಗಿದ್ದೇನೆ. ನಿಜವಾದ ರೋಗಿ ಸ್ಟೂಲಿನ ಮೇಲೆ ಕೂತು, ಫೋನ್ ಹಿಡಿದು, ನನ್ನನ್ನು ನೋಡಿದರೆ ರೋಗಿ ಅನ್ನಿಸುವುದೇ ಇಲ್ಲ, ಊಟ ಮಾಡಿ ಮಲಗಿದ ಹಾಗಿದೆ ಎಂದು ಬೈಯುತ್ತಿದ್ದಳು.

ಪಿಯುಸಿಯಲ್ಲಿ ನಮ್ಮದು ಒಂದೇ ಬೆಂಚು. ನಾನು ಮತ್ತಿಘಟ್ಟದಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಬರುವವಳು. ಅವಳ ಅಪ್ಪನದು ಲಾರಿ ವ್ಯವಹಾರ, ಮನೆ ಕಾಲೇಜಿನಿಂದ ನಡೆದು ಹೋಗುವಷ್ಟು ಹತ್ತಿರ. ಆದರೂ ದಿನಾ ತಡವಾಗಿ ಬರುತ್ತಿದ್ದವಳು ಅವಳೇ. ನನ್ನ ಡಬ್ಬಿಯ ತಂಬುಳಿ ಅನ್ನವನ್ನು ತಳ ಕಾಣುವ ತನಕ ತಿಂದು, ಸೊಪ್ಪು ತಿಂದು ನೀವೆಲ್ಲ ಹೇಗೆ ಬದುಕುತ್ತೀರಿ ಎಂದು ಕನಿಕರಪಡುತ್ತಿದ್ದಳು. ಹಿಡಿದ ಹಟ ಬಿಟ್ಟವಳಲ್ಲ. ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ಮೇಲಾದರೂ ಸ್ವಲ್ಪ ಮೆತ್ತಗಾಗುತ್ತಾಳೆ ಅಂದುಕೊಂಡರೆ, ಇನ್ನೂ ಜಾಸ್ತಿಯಾಯಿತು.

ಹಾಗೆ ನೋಡಿದರೆ ಅವಳ ತಲೆ ಕೆಡಿಸಿದ್ದು ಊರಿನವರು. ನೋಡಲು ಬಂದವರೆಲ್ಲ ಎಳನೀರು ಇಟ್ಟು, ಮಂಚದ ತುದಿಗೆ ಕೂತು, ಏನೂ ಆಗುವುದಿಲ್ಲ ಎನ್ನುತ್ತಿದ್ದರು. ಯಲ್ಲಾಪುರದ ಅವಳ ಅತ್ತೆಯಂದಿರು ಅದನ್ನೇ ಉರ್ದುವಿನಲ್ಲಿ ಹೇಳಿ, ಅಡುಗೆಮನೆಗೆ ಹೋಗಿ ಅಳುತ್ತಿದ್ದರು. ಅವಳು ಮಾತ್ರ ಸಿಕ್ಕವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು: ನಾನು ಸಾಯುತ್ತೇನಾ? ಕೇಳಿದ ಕೂಡಲೇ ಎಲ್ಲರಿಗೂ ಬಸ್ಸಿನ ಹೊತ್ತು ನೆನಪಾಗುತ್ತಿತ್ತು. ಅವಳು ಎಂತ ಕೇಳಿದರೂ ‘ಎಂತೂ ಆಗ್ತಿಲ್ಲೆ’ ಹೇಳಿ ಹೇಳು ಎಂದು ನನ್ನ ಅಮ್ಮನೂ ಪಾಠ ಮಾಡಿ ಕಳಿಸಿದ್ದಳು. ನಾನೂ ಹಾಗೇ ಹೇಳಿದೆ. ಅವಳು ಆ ದಿನವಿಡೀ ನನ್ನೊಡನೆ ಮಾತಾಡಲಿಲ್ಲ.

ಮಾರನೆಯ ದಿನ ಸಿನಿಮಾ ಮಾಡೋಣ ಅಂದಳು. ಕಥೆ ಇಷ್ಟೇ. ಒಬ್ಬ ಹುಡುಗಿಗೆ ಕಾಯಿಲೆ. ಅವಳು ಎಲ್ಲರನ್ನೂ ಆ ಪ್ರಶ್ನೆ ಕೇಳುತ್ತಾಳೆ, ಎಲ್ಲರೂ ಸುಳ್ಳು ಹೇಳುತ್ತಾರೆ. ಕೊನೆಗೆ ಒಬ್ಬ ಡಾಕ್ಟರು ‘ಗೊತ್ತಿಲ್ಲ’ ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಇದೆಂಥ ಸಿನಿಮಾ, ತಲೆಯೂ ಇಲ್ಲ ಬಾಲವೂ ಇಲ್ಲ ಎಂದೆ.

"ಯಾರಾದ್ರೂ ಒಬ್ರು ಖರೇ ಹೇಳೋದನ್ನ ನಾನು ಕೇಳ್ಬೇಕು ಮಾರಾಯ್ತಿ. ಸಿನಿಮಾದಲ್ಲಾದ್ರೂ ಅಡ್ಡಿಲ್ಲ," ಅಂದಳು.

ಮುಂದಿನ ವಾರ ಅವಳನ್ನು ಮತ್ತೆ ಮಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ಯುವುದಿತ್ತು. ಅಷ್ಟರೊಳಗೆ ಮುಗಿಯಬೇಕು. ಡಾಕ್ಟರ ಪಾತ್ರಕ್ಕೆ ನರೆತ ಕೂದಲಿನ, ಗಂಭೀರ ಮುಖದ ಒಬ್ಬರು ಬೇಕಿತ್ತು. ಹುಲಗೋಳದ ನನ್ನ ಸೋದರಮಾವನೇ ಸೈ ಎಂದು ಅವಳು ತೀರ್ಮಾನಿಸಿದಳು. ಬೇಡ ಎಂದು ಕೈ ಮುಗಿದು ಹೇಳಿದೆ. ಮಾವ ತಾಳಮದ್ದಳೆಯ ಅರ್ಥಧಾರಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿ ಮುಗಿಸಿದ ಮೇಲೆ ಪಾತ್ರಧಾರಿಗಳು ಕೂತಲ್ಲೇ ಮಾತಿನಲ್ಲಿ ಹೊಡೆದಾಡಬೇಕು. ಎದುರಿನವನ ಪ್ರಶ್ನೆಗೆ ಉತ್ತರವಿಲ್ಲದೆ ಕೂತರೆ ಮರ್ಯಾದೆ ಹೋಯಿತು. ದೂತನ ಪಾತ್ರ ಕೊಟ್ಟರೂ ರಾಜನ ಬಾಯಿ ಮುಚ್ಚಿಸಿ ಬರುವ ಮನುಷ್ಯ ಮಾವ. ಅಂಥವನಿಗೆ ಒಂದೇ ಮಾತಿನ ಪಾತ್ರ, ಅದೂ ‘ಗೊತ್ತಿಲ್ಲ’ ಎಂದು ಹೇಳಲು!

ಮಾವ ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಂದ. ಮೇಲೆ ನನ್ನ ಕೆಮಿಸ್ಟ್ರಿ ಲ್ಯಾಬಿನ ಬಿಳಿ ಕೋಟು ತೊಡಿಸಿದೆವು. ನಾನು ಕ್ಷೀಣ ದನಿಯಲ್ಲಿ, ನಾನು ಸಾಯ್ತೀನಾ ಡಾಕ್ಟ್ರೇ ಎಂದೆ. ಮಾವ ಗಂಟಲು ಸರಿಮಾಡಿಕೊಂಡ.

"ಎಲೈ ಬಾಲೆ, ಸಾಯುವುದು ದೇಹವೋ, ನೀನೋ? ಮೊದಲು ಅದು ನಿರ್ಣಯವಾಗಲಿ."

ಅಲ್ಲಿಂದ ಹೊರಟವನು ಆತ್ಮ, ಪಂಚಭೂತ, ವೈದ್ಯನ ಧರ್ಮ ಎಲ್ಲವನ್ನೂ ಸುತ್ತಿ ಬಂದ. ನಾನು ರಗ್ಗಿನೊಳಗೆ ಬೆಂದುಹೋದೆ. ಗೆಳತಿ ನಿಲ್ಲಿಸಿ, ಒಂದೇ ಶಬ್ದ ಮಾವ, ಅಷ್ಟೇ ಎಂದು ಬೇಡಿಕೊಂಡಳು. ಮಾವ ತಲೆಯಾಡಿಸಿದ. ಮತ್ತೆ ಶುರುಮಾಡಿ, ಈ ಸಲ ಇನ್ನಷ್ಟು ದೂರ ಹೋದ. ಅಷ್ಟೆಲ್ಲ ಓದಿದ ಡಾಕ್ಟರು ಗೊತ್ತಿಲ್ಲ ಎಂದರೆ ಪಾತ್ರದ ಘನತೆ ಉಳಿಯುತ್ತದೆಯೇ ಎಂಬುದು ಅವನ ವಾದ. ಬಾಗಿಲಲ್ಲಿ ನಿಂತಿದ್ದ ಗೆಳತಿಯ ಅಮ್ಮನಂತೂ ಪ್ರತಿ ಸಲವೂ ಕೋಕಂ ಶರಬತ್ತು ತಂದುಕೊಟ್ಟು, ಆತ್ಮದ ವಿಷಯ ಭಾಳ ಚೆನ್ನಾಗಿ ಹೇಳಿದ್ರಿ, ಇನ್ನೊಮ್ಮೆ ಹೇಳಿ ಎನ್ನುತ್ತಿದ್ದರು. ನನಗೆ ಮೂವರನ್ನೂ ಹೊರಗೆ ಹಾಕಿ ಚಿಲಕ ಜಡಿಯುವಷ್ಟು ಕೋಪ ಬಂದಿತ್ತು.

ಕೊನೆಗೆ ಗೆಳತಿಯ ತಾಳ್ಮೆಯೂ ಮುಗಿಯಿತು. ಏಳು, ನಿನಗೆ ಪ್ರಶ್ನೆ ಕೇಳಲಿಕ್ಕೇ ಬರುವುದಿಲ್ಲ, ಅದಕ್ಕೇ ಅವರು ಭಾಷಣ ಮಾಡುತ್ತಾರೆ ಎಂದು ನನ್ನನ್ನು ಮಂಚದಿಂದ ಎಬ್ಬಿಸಿದಳು. ಫೋನ್ ನನ್ನ ಕೈಗೆ ತುರುಕಿ ತಾನೇ ಮಲಗಿದಳು. ತಲೆಗೆ ಕಟ್ಟಿದ್ದ ಸ್ಕಾರ್ಫ್ ಬಿಚ್ಚಿಟ್ಟಳು. ಕೂದಲೆಲ್ಲ ಉದುರಿದ ಆ ತಲೆಯನ್ನು ನಾನೂ ಅಲ್ಲಿಯವರೆಗೆ ಕಂಡಿರಲಿಲ್ಲ.

"ಮಾವ, ನಾನು ಸಾಯ್ತೀನಾ?"

ಡಾಕ್ಟ್ರೇ ಎನ್ನುವುದನ್ನು ಬಿಟ್ಟಿದ್ದಳು. ಮಾವ ಬಾಯಿ ತೆರೆದ, ಮುಚ್ಚಿದ. ಹೊರಗೆ ಲಾರಿಯೊಂದು ಹಿಂದೆ ಹೋಗುತ್ತ ಕೂಗುತ್ತಿತ್ತು. ಅದು ನಿಂತಿತು. ಪೇಟೆಯವರ ಹತ್ತಿರ ಪೇಟೆಯ ಕನ್ನಡವನ್ನೇ ಆಡುವ ಮಾವ, ಆಗ ನಮ್ಮ ಮನೆಮಾತಿನಲ್ಲಿ ಹೇಳಿದ.

"ಗೊತ್ತಿಲ್ಲೆ, ತಂಗಿ."

ಅವಳು, ನನಗೆ ಹೆದರಿಕೆ ಆಗ್ತದೆ ಎಂದಳು. ಯಂಗೂ ಹೆದ್ರಿಕೆ ಆಗ್ತು ಎಂದ ಮಾವ.

ಅವಳ ಅಮ್ಮ ಬಾಗಿಲಿಂದ ಬಂದು ಮಂಚದ ಮೇಲೆ ಕೂತು ಮಗಳ ಪಾದ ಹಿಡಿದುಕೊಂಡರು. ಏನೂ ಆಗುವುದಿಲ್ಲ ಎಂದು ಅವತ್ತು ಹೇಳಲಿಲ್ಲ. ಗೆಳತಿ ಕಣ್ಣು ಮುಚ್ಚಿಕೊಂಡಳು. ಅಷ್ಟು ನಿರಾಳವಾದ ಅವಳ ಮುಖವನ್ನು ಕಾಯಿಲೆ ಬಂದ ಮೇಲೆ ನಾನು ನೋಡಿದ್ದು ಅದೇ ಮೊದಲು. ಅಳು ತಡೆಯಲಾಗಲಿಲ್ಲ ನನಗೆ.

ಇಲ್ಲಿಗೆ ಮುಗಿದಿದ್ದರೆ ನನಗೆ ಈಗಲೂ ಯಾಕೆ ಸಿಟ್ಟಿರುತ್ತಿತ್ತು? ಒಂದೇ ಕಣ್ಣು ತೆರೆದು, ಬಂತಾ ಎಂದು ಕೇಳಿದಳು. ಅಳುವಿನಲ್ಲಿ ಚಿತ್ರವೆಲ್ಲ ಅಲ್ಲಾಡಿದೆ, ಅರ್ಧ ಗೋಡೆಯೇ ಬಂದಿದೆ ಎಂದೆ. ಒಂದು ಕೆಲಸ ನೆಟ್ಟಗೆ ಮಾಡಲು ಬರುವುದಿಲ್ಲವೆಂದು ಎದ್ದು ಕೂತು ಬಾಯಿಗೆ ಬಂದ ಹಾಗೆ ಬೈದು, ಮತ್ತೆ ಮಲಗಿ, ಇನ್ನೊಂದು ಟೇಕ್ ಅಂದಳು.

ಮಾವ ಆಗಲೇ ಕೋಟು ಬಿಚ್ಚುತ್ತಿದ್ದ.

"ಅದನ್ನ ಇನ್ನೊಂದ್ ಸಲ ಹೇಳದು ಯನ್ನ ಹತ್ರ ಆಗ್ತಿಲ್ಲೆ," ಅಂದ.