ಬೆನ್ನಿನ ಹನ್ನೊಂದು ಗಂಟು

ನಾನು ನಿಂತಿದ್ದುದು ರಂಗದ ಎಡಗಡೆಯ ಪರದೆಯ ಮರೆಯಲ್ಲಿ, ತುಳಸಾಬಾಯಿಯಿಂದ ನಾಲ್ಕು ಹೆಜ್ಜೆ ದೂರ. ಆದವಾನಿಯ ಖಾಲಿ ಹತ್ತಿ ಗೋದಾಮು; ವೈಶಾಖದ ಒಂದು ಮಂಗಳವಾರ; ಪಕ್ಕದ ಹತ್ತಿ ಜಿನ್ನಿಂಗ್ ಗಿರಣಿಯ ಮೂರು ಗಂಟೆಯ ಕೂಗು ಆಗಷ್ಟೇ ಆಗಿತ್ತು. ಹತ್ತು ವರ್ಷವಾಯಿತು. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣ, ಅಂದು ಉಳಿದ ಯಾವುದರಲ್ಲೂ ನಾನು ಖಚಿತವಾಗಿರಲಿಲ್ಲ.

ಕಚೇರಿಯಲ್ಲಿ ಗುಮಾಸ್ತನಾಗಿದ್ದ, ಊರವರ ಬಾಯಲ್ಲಿ ಆಚಾರ್ರಾಗಿದ್ದ ನನಗೆ ನಾಟಕದ ಹುಚ್ಚು. ಊರಿಗೆ ಬಂದ ಕಂಪನಿಯವರು ನನ್ನ ಕೈಗೆ ಪುಸ್ತಕ ಕೊಟ್ಟು, ಮಾತು ಮರೆತವರಿಗೆ ಮರೆಯಿಂದ ಹೇಳಿಕೊಡುವ ಕೆಲಸ ಒಪ್ಪಿಸಿದ್ದರು. ಹೆಂಗಸರೇ ಆಳುವ ಒಂದು ಮಾಯಾರಾಜ್ಯದ ಕಥೆ. ತುಳಸಾಬಾಯಿ ಅದರ ರಾಣಿ. ಅಂದು ಪೂರ್ತಿ ವೇಷದಲ್ಲಿ ಕೊನೆಯ ತಾಲೀಮು.

ಆ ವೇಷ! ಎದೆಗೆ ತಗಡಿನ ಕವಚ. ತಗಡು ಮೈ ಕೊಯ್ಯುತ್ತದೆಂದು ಒಳಗೆ ಹತ್ತಿಯ ಮೆತ್ತೆ. ಹಿಂದೆ ನೆಲ ಗುಡಿಸುವ ಜರಿಯ ಬಾಲ. ಮುಂದೆ ಹೊಳಪು ಕೆಡಬಾರದೆಂದು ವೇಷದ ಖಾದರ್ ಸಾಹೇಬ ಕಟ್ಟುಗಳನ್ನೆಲ್ಲ ಬೆನ್ನಿಗೆ ಹಾಕಿದ್ದ: ಹನ್ನೊಂದು ಗಂಟು. ಅದೇ ನಾಟಕದ ಗಂಡು ಸೇನಾಪತಿಗೆ ಮಖಮಲ್ಲಿನ ಅಂಗಿ, ಮುಂದೆ ನಾಲ್ಕು ಗುಂಡಿ.

“ಸಾಹೇಬರ, ಇದನ್ನ ತೊಟಗೊಂಡು ನಾ ವೈರಿನ್ನ ಕೊಲ್ಲಬೇಕೋ, ಇದು ನನ್ನ ಕೊಲ್ಲಬೇಕೋ?” ಎಂದು ತುಳಸಾಬಾಯಿ ಕೇಳಿದಳು.

“ರಾಣಿ ಅಂದಮ್ಯಾಲೆ ಹೊಳೀಬೇಕವ್ವಾ. ಪುರಾಣದಾಗೂ ಹಂಗಽ ಐತಿ” ಎಂದವನು ನಾನೇ.

ಪುರಾಣದಲ್ಲಿ ಇದೆ, ನಿಜ. ನಮ್ಮ ಕವಿಗಳು ಯುದ್ಧಕ್ಕೆ ಹೊರಟವಳಿಗೆ ಮುಡಿಯಿಂದ ಕಾಲುಂಗುರದವರೆಗೆ ಸಾಲುಗಟ್ಟಲೆ ತೊಡಿಸುತ್ತಾರೆ. ಕಳಚುವುದು ಮಾತ್ರ ವರ್ಣನೆಗೆ ಬರುವುದಿಲ್ಲ. ಶಿಲ್ಪಿಗಳೂ ಅಷ್ಟೆ, ಆದರೆ ಕಲ್ಲಿನ ದೇವಿಗೆ ಸೆಕೆಯಾಗುವುದಿಲ್ಲ.

ರಾಣಿ ಬೆಂಕಿಯ ನಡುವೆ ಪ್ರವೇಶಿಸಬೇಕು. ಎದುರು ಮರೆಯಲ್ಲಿದ್ದವನು ಪಂಜಿನ ಮೇಲೆ ರಾಳದ ಪುಡಿ ಎರಚಿದ; ಜ್ವಾಲೆ ಎದ್ದಿತು; ಜರಿಯ ಬಾಲ ಹತ್ತಿಕೊಂಡಿತು.

“ಗಂಟು ಬಿಚ್ರೀ!” ಎಂದು ತುಳಸಾಬಾಯಿ ಕೂಗಿದಳು.

ನನ್ನ ಕಣ್ಣು ಪುಸ್ತಕದಲ್ಲೇ ಇತ್ತು. ಆ ಮಾತು ಅದರಲ್ಲಿರಲಿಲ್ಲ. ಮರೆತಳೆಂದುಕೊಂಡು, “ಎಲೈ ದುರುಳಾ, ನಿಲ್ಲು!” ಎಂದು ಹೇಳಿಕೊಟ್ಟೆ.

“ಬಿಚ್ರೋ! ಸುಡಾಕ ಹತ್ತೈತಿ!”

“ಎಲೈ ದುರುಳಾ, ನಿಲ್ಲು!” ಈ ಸಲ ಇನ್ನಷ್ಟು ಗಟ್ಟಿಯಾಗಿ.

ಹೊಗೆ ನನ್ನ ಪುಟಕ್ಕೆ ಬಂದ ಮೇಲೆ ತಲೆಯೆತ್ತಿದೆ. ಖಾದರ್ ಸಾಹೇಬ ಆಕೆಯ ಬೆನ್ನಿನ ಕಟ್ಟುಗಳಿಗೆ ಕೈ ಹಾಕಿದ್ದ. ಬೆವರಿಗೆ ಬಿಗಿದ ಗಂಟುಗಳು, ಎರಡಷ್ಟೇ ಬಿಚ್ಚಿದ್ದವು. ಮೆತ್ತೆಯ ಹತ್ತಿ ಒಳಗೊಳಗೇ ಉರಿಯುತ್ತಿತ್ತು. ಗೋದಾಮು ಗುಡಿಸುವ ಈರಮ್ಮ, ಹೊಳಗುಂದದ ಕಡೆಯ ಕುರಿಗಾರರ ಮನೆಯವಳು, ತಾನು ಕೂತಿದ್ದ ಕಂಬಳಿಯನ್ನೇ ಎಳೆದುಕೊಂಡು ಓಡಿಬಂದು ರಾಣಿಗೆ ಸುತ್ತಿ ನೆಲಕ್ಕೆ ಕೆಡವಿದಳು. “ಉರುಳವ್ವಾ ತಂಗಿ, ಉರುಳು!” ಬೆಂಕಿ ಸತ್ತಿತು. ಉಳಿದ ಒಂಬತ್ತು ಗಂಟುಗಳನ್ನು ಕತ್ತರಿಯಿಂದ ಕತ್ತರಿಸಿದರು.

ತುಳಸಾಬಾಯಿ ಬದುಕಿದಳು. ಮೂರು ವಾರ ಬೋರಲಾಗಿ ಮಲಗಿದ್ದು ಎದ್ದವಳು, ಇನ್ನು ಮೇಲೆ ಸೇನಾಪತಿಯ ಅಂಗಿಯನ್ನೇ ತೊಡುತ್ತೇನೆಂದಳು.

“ಜನಾ ಒಪ್ಪಂಗಿಲ್ಲವ್ವಾ” ಎಂದರು ಕಂಪನಿಯ ಯಜಮಾನರು.

“ಜನಾ ಗುಂಡಿ ಎಣಸಾಕ ಬರ್ತಾರೇನ್ರಿ, ಯಜಮಾನ್ರ?”

ಹಾಗೆಯೇ ರಂಗಕ್ಕೆ ಬಂದಳು. ಜನ ಎಲ್ಲಿ ಚಪ್ಪಾಳೆ ತಟ್ಟಬೇಕೋ ಅಲ್ಲಿ ತಟ್ಟಿದರು. ನನ್ನ ಜೀವ ಕುಗ್ಗಿದುದು ಅದನ್ನು ಕೇಳಿದಾಗ. ಅಷ್ಟು ಹೊಳಪು ಯಾರಿಗೂ ಬೇಕಾಗಿಯೇ ಇರಲಿಲ್ಲ.

ಈಗ ಡೇರೆಯ ಟಾಕೀಸಿನಲ್ಲಿ ಕತ್ತಿ ಹಿಡಿದ ರಾಜಕುಮಾರಿಯರು ತಗಡು ತೊಟ್ಟು ಕುದುರೆ ಏರುತ್ತಾರೆ. ಪಕ್ಕದವರು ಸಿಳ್ಳೆ ಹಾಕುತ್ತಾರೆ. ನಾನು ಅವರಲ್ಲೊಬ್ಬಳಾದರೂ ಒಮ್ಮೆ ಬೆನ್ನು ತಿರುಗಿಸಲೆಂದು ಕಾಯುತ್ತ ಕೂತಿರುತ್ತೇನೆ.

ಅಂದು ಕಂಡವರಲ್ಲಿ ಖಾದರ್ ಸಾಹೇಬ ಇಲ್ಲ, ಯಜಮಾನರಿಲ್ಲ. ರಾಳ ಎರಚಿದವನು ಹೋದ ವರ್ಷ ತೀರಿಕೊಂಡ. ನನಗೆ ಗೊತ್ತಿರುವಂತೆ ಉಳಿದವರು ನಾನು, ಬಳ್ಳಾರಿಯಲ್ಲಿ ಮಗಳ ಮನೆಯಲ್ಲಿರುವ ತುಳಸಾಬಾಯಿ, ಮತ್ತು ಈರಮ್ಮ. ಈರಮ್ಮ ಮೊನ್ನೆ ಸಂತೆಯಲ್ಲಿ ಸಿಕ್ಕು, ಜೊತೆಗಿದ್ದ ಸೊಸೆಗೆ ನನ್ನನ್ನು ತೋರಿಸಿದಳು: “ಇವರಽ ನೋಡವ್ವಾ ಆಚಾರ್ರು. ಬೆಂಕಿ ಹತ್ತಿದಾಗ ಎಲ್ಲಾರೂ ಓಡಿದ್ರು, ಇವರೊಬ್ಬರು ನಿಂತಲ್ಲೇ ನಿಂತು ಜೋರಾಗಿ ಮಂತ್ರ ಹೇಳಿದ್ರು.”

ಸೊಸೆ ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು.